ಎಡಗಡೆಯ ಕಟ್ಟಡ

ಬೋರ್ಡಣ್ಣನ ಪಕ್ಕದ ಕುರ್ಚಿಯಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೇನೆ. ಹಾಗಾಗಿ ಅವನನ್ನು ಹೊಗಳಿ ಬರೆಯುತ್ತೇನೆಂದು ಯಾರೂ ಕಾದು ಕೂರಬೇಡಿ. ಊಟವಾದ ಮೇಲೆ ಬೆಂಕಿಕಡ್ಡಿಯಲ್ಲಿ ಹಲ್ಲು ಕೆದಕಿ, ನಾಳೆಗೂ ಬೇಕಾದೀತೆಂದು ಆ ಕಡ್ಡಿಯನ್ನು ಕೀಬೋರ್ಡಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದ ಮನುಷ್ಯ ಅವನು. ಬಣ್ಣ ಆರಿಸುವಾಗ ಗಂಟಲೊಳಗೆ ಗೊರಗೊರ ಸದ್ದು. ಬ್ರಷ್ ಹಿಡಿದಿದ್ದ ಕಾಲದ ಅಭ್ಯಾಸದಿಂದ ಕಂಪ್ಯೂಟರಿನ ಪೆನ್ನಿನ ತುದಿಯನ್ನೂ ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದ. ಪ್ಲಾಸ್ಟಿಕ್ಕಿನ ತುದಿ! ಅದನ್ನು ಒದ್ದೆ ಮಾಡಿ ಏನಾಗಬೇಕು? ಆಮೇಲೆ ನಮ್ಮ ಸ್ಟುಡಿಯೋದ ಯಜಮಾನರು ಬಂದು, ತಿದ್ದುಪಡಿ ತೋರಿಸಲು ಅದೇ ಪೆನ್ನನ್ನು ತೆಗೆದುಕೊಂಡು, ಯೋಚಿಸುತ್ತಾ ತಮ್ಮ ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ನಾನು ಥೂ ಎಂದುಕೊಂಡು ಆ ಕಡೆ ತಿರುಗಿಬಿಡುತ್ತಿದ್ದೆ.

ಇನ್ನೂ ಕಟ್ಟದ ಕಟ್ಟಡಗಳ ಚಿತ್ರ ಬರೆದುಕೊಡುವುದು ನಮ್ಮ ಸ್ಟುಡಿಯೋದ ಕೆಲಸ. ಎರಡನೇ ಮಹಡಿಯಲ್ಲಿ ಮೂರು ಕೋಣೆ. ಹಿಂದಿನ ಕೋಣೆಯ ಕಿಟಕಿಯನ್ನು ಯಾರೂ ತೆರೆಯುವ ಹಾಗಿರಲಿಲ್ಲ, ಯಾಕೆಂದರೆ ಅದರ ಕೆಳಗೇ ಕರಿ ಮೋರಿ. ಇಡೀ ಊರು ತಿಂದದ್ದು, ತೊಳೆದದ್ದು, ಎಸೆದದ್ದು ಎಲ್ಲ ಆ ಮೋರಿಯಲ್ಲಿ ಹರಿಯುತ್ತಿತ್ತು. ಹರಿಯುತ್ತಿತ್ತು ಎನ್ನುವುದೂ ಉಪಚಾರದ ಮಾತು, ಬೇಸಿಗೆಯಲ್ಲಿ ಅದು ಸುಮ್ಮನೆ ಬಿದ್ದುಕೊಂಡು ಗುಳ್ಳೆ ಬಿಡುತ್ತಿತ್ತು. ಯಜಮಾನರು ಗೋಡೆಗೆ ಮಲ್ಲಿಗೆ ವಾಸನೆ ಚಿಮ್ಮುವ ಒಂದು ಡಬ್ಬಿ ನೇತುಹಾಕಿದ್ದರು. ಬರೀ ಮೋರಿಯ ನಾತವನ್ನಾದರೂ ಸಹಿಸಬಹುದು, ಮಲ್ಲಿಗೆ ಬೆರೆತ ಮೋರಿಯ ನಾತಕ್ಕೆ ಹೊಟ್ಟೆಯೇ ತೊಳೆಸಿ ಬರುತ್ತಿತ್ತು.

ಮೋರಿಯ ಆಚೆ ದಡದಲ್ಲಿ ನಲವತ್ತೊಂದು ಮನೆಗಳ ಒಂದು ಸಾಲು. ಜನ ಅದನ್ನು ಮೋರಿ ಸಾಲು ಎಂದೇ ಕರೆಯುತ್ತಿದ್ದರು. ಬೋರ್ಡಣ್ಣ ಹುಟ್ಟಿದ್ದು ಅಲ್ಲಿ. ಅವನಿಗೆ ಒಂಬತ್ತು ವರ್ಷವಾಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು. ಆಗ ಹದಿನಾಲ್ಕು ವರ್ಷದ ಅಕ್ಕ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು. ಅಂದು ಎತ್ತಿಕೊಂಡದ್ದನ್ನು ಇನ್ನೂ ಕೆಳಗಿಟ್ಟಿಲ್ಲ. ಊರಿನವರ ಅಂಗಿಗಳ ಮಡಿಕೆ ತಿದ್ದಿ ತಮ್ಮನನ್ನು ಸಾಕಿದಳು. ಒಂದೇ ಕೋಣೆಯ ಮನೆ, ಅದರ ಒಂದೇ ಕಿಟಕಿ ಮೋರಿಯ ಕಡೆಗೆ. ತೆರೆದರೆ ನಾತ, ಇಸ್ತ್ರಿ ಮಾಡಿದ ಬಟ್ಟೆಗೂ ಅದೇ ಹಿಡಿಯುತ್ತದೆ. ಹಾಗಾಗಿ ಹತ್ತಿರ ಹತ್ತಿರ ಐವತ್ತು ವರ್ಷದಿಂದ ಆ ಕಿಟಕಿ ಮುಚ್ಚಿಯೇ ಇತ್ತು. ಮುಚ್ಚಿದ ಕಿಟಕಿ ಕಾಣಬಾರದೆಂದು ಅಕ್ಕ ಅದಕ್ಕೊಂದು ನೀಲಿ ಬಿಳಿ ಚೌಕಳಿಯ ಪರದೆ ಹಾಕಿದ್ದಳು. ಒಳಗೆ ಕೆಂಡದ ಕಾವು, ಬಟ್ಟೆಯ ಆವಿ, ನಡುವೆ ಬೆವರು ಒರೆಸಿಕೊಳ್ಳುತ್ತಾ ನಿಂತ ಅಕ್ಕ. ಅವಳಿಗಿದ್ದ ಆಸೆ ಒಂದೇ. "ಸಾಯೋಕೆ ಮುಂಚೆ ಕಿಟಕಿ ತೆಗೆದು ಒಂದಿನ ಕೆಲಸ ಮಾಡ್ಬೇಕು ಕಣಮ್ಮಾ," ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ.

ತಮ್ಮ ಇಪ್ಪತ್ತು ತುಂಬುವುದರೊಳಗೆ ಅಂಗಡಿಗಳ ಬೋರ್ಡು ಬರೆಯುವುದರಲ್ಲಿ ಹೆಸರು ಮಾಡಿದ. ಊರಲ್ಲಿ ಅವನ ಅಕ್ಷರ ಇಲ್ಲದ ಬೀದಿ ಇರಲಿಲ್ಲವಂತೆ. ಪ್ರತಿ ಬೋರ್ಡಿನ ಮೂಲೆಯಲ್ಲೂ ಸಣ್ಣದಾಗಿ ಸಹಿ ಹಾಕುತ್ತಿದ್ದ. ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರವೇ ಬರೆದುಕೊಡುವ ಕಾಲ ಬಂತು. ಬೋರ್ಡು ಬರೆಯುವವರೆಲ್ಲ ಒಂದೇ ಏಟಿಗೆ ನೆಲ ಕಚ್ಚಿದರು. ನಲವತ್ತೇಳನೇ ವಯಸ್ಸಿನಲ್ಲಿ ಅವನನ್ನು ಕಂಪ್ಯೂಟರ್ ಕಲಿಯಲು ಅಟ್ಟಿದವಳೂ ಅಕ್ಕನೇ. "ಕೈ ಅದೇ ಅಲ್ವೇನೋ? ಬ್ರಷ್ ಬದ್ಲು ಪೆನ್ ಹಿಡಿ, ಅಷ್ಟೆ," ಎಂದಳಂತೆ. ಅವನು ಕಲಿತ. ಹಲ್ಲು ಕೆದಕುವುದನ್ನು ಬಿಡಲಿಲ್ಲ, ಆದರೆ ಕಲಿತ. ಸಾಲಿನಿಂದ ಹೊರಬಂದು ಸ್ಟುಡಿಯೋದ ತಾರಸಿಯ ಕೋಣೆಯಲ್ಲಿ ಒಬ್ಬನೇ ಇದ್ದ. ಮದುವೆ ಗಿದುವೆ ಅವನಿಗೆ ಆಗಿಬರಲಿಲ್ಲ. ಊಟ ಮಾತ್ರ ಅಕ್ಕನ ಮನೆಯದೇ. ನಾನು ಬೆಳಿಗ್ಗೆ ಕೆಲಸಕ್ಕೆ ಬರುವ ದಾರಿ ಮೋರಿ ಸಾಲಿನ ಮೇಲೇ ಹಾಯುತ್ತದೆ. ಅಕ್ಕ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದಳು. ಮೂರು ಅಂತಸ್ತಿನ ಡಬ್ಬಿ, ಎರಡು ತಮ್ಮನಿಗೆ, ಮೇಲಿನದು ನನಗೆ. ಹನ್ನೊಂದು ವರ್ಷ ಆ ಮುದುಕಿ ನನಗೆ ಅನ್ನ ಹಾಕಿದ್ದಾಳೆ. ಇದನ್ನು ಮರೆಯದೆ ಮುಂದಿನದನ್ನು ಓದಿ.

ನಮ್ಮ ಸ್ಟುಡಿಯೋದಲ್ಲಿ ಯಾರೂ ಚಿತ್ರಕ್ಕೆ ಸಹಿ ಹಾಕುವಂತಿರಲಿಲ್ಲ. ಚಿತ್ರ ಕೊಂಡವರದು, ಹೆಸರು ಯಜಮಾನರದು. ಬೋರ್ಡಣ್ಣ ಅದಕ್ಕೊಂದು ಉಪಾಯ ಹುಡುಕಿಕೊಂಡಿದ್ದ. ಎಂಥ ಕಟ್ಟಡ ಬರೆದರೂ ಸಾವಿರ ಕಿಟಕಿಗಳಲ್ಲಿ ಒಂದು ಕಿಟಕಿಯನ್ನು ತೆರೆದಿಟ್ಟು, ಅದಕ್ಕೆ ನೀಲಿ ಬಿಳಿ ಚೌಕಳಿಯ ಪರದೆ ಕಟ್ಟಿಬಿಡುತ್ತಿದ್ದ. ಉಗುರಿನಷ್ಟು ಚಿಕ್ಕದು. ಗೊತ್ತಿದ್ದವಳು ನಾನೊಬ್ಬಳೇ. ಅದೇ ಅವನ ಸಹಿ.

ನನ್ನ ಕೆಲಸ ಎರಡು. ಅವನು ಬರೆದ ಬೀದಿಗಳಲ್ಲಿ ಜನರನ್ನು ನಿಲ್ಲಿಸುವುದು, ಕೊನೆಗೆ ಅಕ್ಷರ ಜೋಡಿಸುವುದು. ಫೋಟೋಗಳಿಂದ ಕತ್ತರಿಸಿಟ್ಟ ಎಂಟುನೂರು ಜನ ನನ್ನ ಕಂಪ್ಯೂಟರಿನಲ್ಲಿದ್ದರು: ನಡೆಯುವವರು, ಕೂತವರು, ಓಡುವವರು, ಸುಮ್ಮನೆ ಆಕಾಶ ನೋಡಿ ಹಲ್ಲು ಕಿರಿಯುವವರು. ಒಬ್ಬರಿಗೂ ಹೊಟ್ಟೆಯಿಲ್ಲ, ಒಬ್ಬರಿಗೂ ಬೆವರಿಲ್ಲ. ಎಲ್ಲರ ಕೈಯೂ ಖಾಲಿ, ತರಕಾರಿ ಚೀಲ ಹಿಡಿದ ಒಬ್ಬಳೂ ಇಲ್ಲ. ಒಮ್ಮೆ ನಾನು ಊರುಗೋಲಿನ ಒಬ್ಬ ಅಜ್ಜನನ್ನು ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಯಜಮಾನರು, "ಅಯ್ಯೋ ಇವ್ರನ್ನ ಎಬ್ಬಿಸಮ್ಮಾ, ಭವಿಷ್ಯದಲ್ಲಿ ಮುದುಕರಿಗೇನು ಕೆಲಸ?" ಎಂದಿದ್ದರು. ಎಬ್ಬಿಸಿದೆ. ನನಗೆ ನನ್ನ ಎಂಟುನೂರು ಜನರನ್ನು ಕಂಡರೆ ಅಸಹ್ಯ.

ಕಳೆದ ವರ್ಷ ಬೇಸಿಗೆಯಲ್ಲಿ ಒಬ್ಬ ಬಂದ. ಕಟ್ಟಡ ಕಟ್ಟುವ ದೊಡ್ಡ ಕಂಪನಿಯವನು. ಅವನಿಗೆ ನಾವಿಟ್ಟ ಹೆಸರು ನಗುಮುಖ. ಕೂತರೂ ನಗು, ನಿಂತರೂ ನಗು, ಮೋರಿಯ ನಾತ ಮೂಗಿಗೆ ಬಡಿದಾಗಲೂ ಕರವಸ್ತ್ರದ ಹಿಂದೆ ನಗು. ಮುಂದೆ ಈ ಊರು ಹೇಗಿರುತ್ತದೆಂದು ಒಂದು ಚಿತ್ರ ಬೇಕಂತೆ, ಹದಿನಾರು ಅಡಿ ಅಗಲ. ಮೋರಿಯ ಎರಡೂ ದಡ ಅದರಲ್ಲಿ ಬರಬೇಕಂತೆ. "ಸಾಲಿನ ಜನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಜಾಗ ಬಿಡ್ಬೇಕು ನೋಡಿ. ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಕಣ್ಣಿಗೆ ಕಾಣಿಸ್ಬೇಕು," ಎಂದ. ಯಜಮಾನರು ಎರಡೂ ಕೈ ಉಜ್ಜಿಕೊಂಡರು.

ಈ ಚಿತ್ರ ಬರೆಯುವ ರೀತಿಯನ್ನು ಸ್ವಲ್ಪ ಹೇಳಬೇಕು. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆಯುವುದಿಲ್ಲ. ಪದರ ಪದರವಾಗಿ ಒಂದರ ಮೇಲೊಂದು ಹಾಸುತ್ತಾ ಹೋಗುತ್ತೇವೆ. ಆಕಾಶಕ್ಕೊಂದು, ನೀರಿಗೊಂದು, ಮರಗಳಿಗೊಂದು, ನನ್ನ ಜನರಿಗೊಂದು. ಪ್ರತಿ ಪದರದ ಪಕ್ಕದಲ್ಲೂ ಸಣ್ಣ ಕಣ್ಣಿನ ಗುರುತಿರುತ್ತದೆ. ಆ ಕಣ್ಣನ್ನು ಒತ್ತಿದರೆ ಆ ಪದರ ಮಾಯ, ಮತ್ತೆ ಒತ್ತಿದರೆ ಹಾಜರ್. ಎಲ್ಲಕ್ಕಿಂತ ಕೆಳಗೆ, ಅಡಿಪಾಯದ ಹಾಗೆ, ಕಂಪನಿಯವರು ಕೊಟ್ಟ ಗೆರೆಚಿತ್ರ. ಎಲ್ಲೆಲ್ಲಿ ನಿಜವಾಗಿ ಏನೇನು ಕಟ್ಟುತ್ತಾರೋ ಅದು ಅಲ್ಲಿರುತ್ತದೆ. ಅದರ ಮೇಲೆ ಬಣ್ಣ ಹಾಕಿ ಮುಚ್ಚುವುದೇ ಬೋರ್ಡಣ್ಣನ ಉದ್ಯೋಗ.

ಆ ಗೆರೆಚಿತ್ರವನ್ನು ನಾವಿಬ್ಬರೂ ನೋಡಿದೆವು. ಮೋರಿ ಸಾಲು ಇದ್ದ ಜಾಗದಲ್ಲಿ ಒಂದು ಚೌಕ ಡಬ್ಬ, ಅದರ ಮೇಲೆ ಬರೆದಿತ್ತು: ವಾಹನ ನಿಲುಗಡೆ, ಆರು ಅಂತಸ್ತು. ಮನೆ ಎಂಬುದು ಆ ಕಡೆ ಎಲ್ಲೂ ಇರಲಿಲ್ಲ. ಬೋರ್ಡಣ್ಣ ಗಂಟಲು ಗೊರಗೊರ ಅನ್ನಿಸಿದ. ಆಕಾಶಕ್ಕೆ ಬಣ್ಣ ಆರಿಸತೊಡಗಿದ. ನಾನು ನನ್ನ ಎಂಟುನೂರು ಜನರನ್ನು ತೆರೆದೆ.

ಮೂರು ವಾರ ಬರೆದ. ಗಾಜಿನ ಸೇತುವೆಗಳು, ತಂತಿಯಿಲ್ಲದೆ ಗಾಳಿಯಲ್ಲಿ ಓಡುವ ರೈಲು, ಹಾರುವ ಕಾರು, ಗೋಡೆ ತುಂಬ ಬಳ್ಳಿ ಹಬ್ಬಿದ ಗೋಪುರ. ಕಿಟಕಿಯ ಹೊರಗೆ ಗುಳ್ಳೆ ಬಿಡುತ್ತಿದ್ದ ಮೋರಿ ಇವನ ಕಂಪ್ಯೂಟರಿನ ಪರದೆಯ ಮೇಲೆ ತಿಳಿನೀಲಿ ಕಾಲುವೆಯಾಗಿ, ಅದರಲ್ಲಿ ಎರಡು ಬಿಳಿ ಹಂಸಗಳೂ ಬಂದು ಕೂತವು. "ಒಂದಿನ ಈ ಹಂಸಗಳನ್ನ ನಿಜವಾಗ್ಲೂ ತಂದು ಬಿಡ್ಬೇಕು ಬೋರ್ಡಣ್ಣ, ಸಂಜೆಯೊಳಗೆ ಕಾಗೆ ಆಗಿರ್ತವೆ," ಎಂದೆ. ಅವನು ನಕ್ಕ. ಆಗ ನಮಗೆ ಇನ್ನೂ ನಗು ಬರುತ್ತಿತ್ತು.

ಮುಗಿಯುತ್ತಾ ಬಂದಾಗ ಯಜಮಾನರು ಹಿಂದೆ ನಿಂತು ತಲೆ ಓರೆ ಮಾಡಿದರು. "ಎಲ್ಲಾ ಸರಿ. ಆದ್ರೆ ಎಡಗಡೆ ಖಾಲಿ ಹೊಡೀತಿದೆ ಕಣ್ರೀ. ಚಿತ್ರ ಒಂದ್ಕಡೆ ವಾಲಿದ ಹಾಗಿದೆ. ಅಲ್ಲೇನಾದ್ರೂ ಎಬ್ಬಿಸಿ." ಎಡಗಡೆ ಇದ್ದದ್ದು ಆ ವಾಹನ ನಿಲುಗಡೆಯ ಡಬ್ಬ. ಬೋರ್ಡಣ್ಣನಿಗೂ ಅದು ಕಣ್ಣಿಗೆ ಚುಚ್ಚುತ್ತಿತ್ತು, ಬೋರ್ಡು ಬರೆದ ಕೈ, ಒಂದು ಕಡೆ ಭಾರ ಹೆಚ್ಚಾದರೆ ಅವನಿಗೆ ನಿದ್ದೆ ಬರುವುದಿಲ್ಲ. ಡಬ್ಬವನ್ನು ಮುಚ್ಚಿ ಇಪ್ಪತ್ತು ಮಹಡಿಯ ವಾಸದ ಕಟ್ಟಡ ಎಬ್ಬಿಸಿದ. ಅಂತಸ್ತಿಗೊಂದು ತೋಟ, ಪೂರ್ವದ ಬಿಸಿಲು, ಎಲ್ಲ. ಎರಡೇ ದಿನದ ಕೆಲಸ. ಹನ್ನೆರಡನೇ ಮಹಡಿಯಲ್ಲಿ ಒಂದು ಕಿಟಕಿ ತೆರೆದು, ಎಂದಿನಂತೆ ಚೌಕಳಿ ಪರದೆ ಕಟ್ಟಿದ. ಈ ಸಲ ಯಾಕೋ ಒಳಗೊಂದು ಇಸ್ತ್ರಿ ಟೇಬಲನ್ನೂ ಇಟ್ಟ. ಚಿತ್ರ ನೆಟ್ಟಗಾಯಿತು.

ನಗುಮುಖನಿಗೆ ಆ ಕಟ್ಟಡ ಕಂಡು ಖುಷಿಯೋ ಖುಷಿ. "ನಾವು ಅಲ್ಲಿ ಕಟ್ಟೋದು ಬೇರೆ. ಇರ್ಲಿ ಬಿಡಿ, ಚೆನ್ನಾಗಿದೆ. ಕೆಳಗಡೆ ಒಂದು ಸಾಲು ಹಾಕ್ಬಿಡಿ," ಎಂದು ನನ್ನ ಕಡೆ ತಿರುಗಿದ. ಹಾಕಿದವಳು ನಾನೇ. 'ಇದು ಕಲಾವಿದನ ಕಲ್ಪನೆ ಮಾತ್ರ.' ಇರುವೆಯ ಗಾತ್ರದ ಅಕ್ಷರ, ಬೂದು ಬಣ್ಣದ ರಸ್ತೆಯ ಮೇಲೆ ಬೂದು ಬಣ್ಣದಲ್ಲಿ. "ಇನ್ನೂ ಸ್ವಲ್ಪ ತಿಳಿ ಮಾಡಿ ಮೇಡಂ," ಎಂದ. ಮಾಡಿದೆ.

ಸಾಲಿನ ಪಕ್ಕದ ಸಭಾಭವನದಲ್ಲಿ ಚಿತ್ರ ತೂಗುಹಾಕಿದರು. ನಲವತ್ತೊಂದು ಮನೆಯವರೂ ಬಂದರು. ಹದಿನಾರು ಅಡಿಯ ಆ ಹೊಳಪಿನ ಮುಂದೆ ಬೆವರಿನ ಅಂಗಿಗಳು, ಒದ್ದೆ ಸೆರಗುಗಳು. ಜನ ಗುಸುಗುಸು ಎಂದರು, ಆದರೆ ಯಾರೂ ಮುಂದೆ ಬರಲಿಲ್ಲ. ನಗುಮುಖ ಮೈಕು ಹಿಡಿದು ಅಂಗೈಯಲ್ಲಿ ಆಕಾಶ ತೋರಿಸುತ್ತಿದ್ದ. "ಇದರಲ್ಲಿ ನಮ್ಮನ್ನ ಎಲ್ಲಿ ಇಡ್ತೀರಿ?" ಎಂದು ಯಾರೋ ಹಿಂದಿನಿಂದ ಕೂಗಿದರು. ಅಷ್ಟರಲ್ಲಿ ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಚಿತ್ರಕ್ಕೆ ಮುಖ ಹತ್ತಿರ ಹಿಡಿದಿದ್ದಳು.

"ಅಯ್ಯೋ! ಇದು ನನ್ನ ಪರದೆ!"

ಅಕ್ಕನ ಬೆರಳು ಹನ್ನೆರಡನೇ ಮಹಡಿಯ ಮೇಲಿತ್ತು. "ಟೇಬಲ್ಲೂ ಇದೆ. ಕಿಟಕಿ ತೆಗೆದಿದೆ ನೋಡ್ರೋ!" ಎಂದು ತಿರುಗಿದಳು. ನಗುಮುಖ ಒಂದು ಕ್ಷಣವೂ ತಡಮಾಡಲಿಲ್ಲ. ಪಾಪಿ, ನಗುತ್ತಲೇ ಮೈಕಿನಲ್ಲಿ ಹೇಳಿದ: "ನೋಡಿದ್ರಾ ಅಮ್ಮಾ? ಯಾರ್ಯಾರು ಎಲ್ಲಿರ್ಬೇಕು ಅಂತ ನಾವು ಮೊದಲೇ ಯೋಚ್ನೆ ಮಾಡಿದ್ದೀವಿ."

ಅಕ್ಕ ತಮ್ಮನನ್ನು ಹುಡುಕಿದಳು. ಅವನು ನನ್ನ ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ.

"ಹೌದೇನೋ? ಇದು ನನ್ನ ಮನೆಯೇನೋ?"

ಇನ್ನೂರು ಜನ ಅವನ ಬಾಯಿ ನೋಡುತ್ತಿದ್ದರು. ಯಜಮಾನರು ಕಣ್ಣಲ್ಲೇ ಗುರಾಯಿಸುತ್ತಿದ್ದರು. ಬೋರ್ಡಣ್ಣ ನೆಲ ನೋಡುತ್ತಾ, "ಹೂಂ ಅಕ್ಕ," ಎಂದ.

ಒಪ್ಪಿಗೆ ಪತ್ರದಲ್ಲಿ ಮೊದಲ ಸಹಿ ಅಕ್ಕನದು. ಅವಳು ಹಾಕಿದ ಮೇಲೆ ಇನ್ನೂ ಹದಿನೈದು ಮನೆಯವರು ಅಲ್ಲೇ ಹಾಕಿದರು. ಉಳಿದವರು ಮುಂದಿನ ಭಾನುವಾರ ಎಂದರು. ಜಾಗ ಬಿಟ್ಟುಕೊಡಬೇಕಾದರೆ ನಲವತ್ತೊಂದೂ ಸಹಿ ಬೀಳಬೇಕಿತ್ತು.

ಮರುದಿನ ನಗುಮುಖ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದ. ಒಳಗೆ ಚೀಟಿಗಳು. ಯಾರಿಗೆ ಎಂಥ ಕಿಟಕಿ ಬೇಕೆಂದು ಸಾಲಿನವರಿಂದಲೇ ಬರೆಸಿಕೊಂಡು ಬಂದಿದ್ದ. "ಕೇಳಿದ್ದೆಲ್ಲಾ ಹಾಕಿ. ಕಿಟಕಿ ಬರೆಯೋದಕ್ಕೆ ಸಿಮೆಂಟು ಬೇಕಾ, ಇಟ್ಟಿಗೆ ಬೇಕಾ?" ಎಂದು ತನ್ನ ಮಾತಿಗೆ ತಾನೇ ನಕ್ಕ. ಒಬ್ಬಳಿಗೆ ತುಳಿಯುವ ಹೊಲಿಗೆ ಯಂತ್ರ ಕಿಟಕಿಯ ಬಳಿ ಬೇಕಂತೆ. ಒಬ್ಬನಿಗೆ ಪಾರಿವಾಳದ ಗೂಡು. ಕೆಮ್ಮಿನ ಮುದುಕನೊಬ್ಬ 'ಬಿಸಿಲು ಬಿದ್ದರೆ ಸಾಕು' ಎಂದು ಬರೆಸಿದ್ದ. ಬೋರ್ಡಣ್ಣ ಒಂದೊಂದೇ ಚೀಟಿ ಬಿಡಿಸಿ, ಒಂದೊಂದೇ ಕಿಟಕಿ ತುಂಬಿದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಬರೆದಿರಲಿಲ್ಲ, ಅದೇ ನನಗೆ ಹೆಚ್ಚು ಹೇಸಿಗೆಯಾದದ್ದು.

"ಬೋರ್ಡಣ್ಣ, ಇದು ಸರಿಯಾ?" ಎಂದು ಒಂದೇ ಒಂದು ಸಲ ಕೇಳಿದೆ.

"ಚಿತ್ರ ತಾನೆ ತಂಗೀ," ಎಂದ.

ಆ ಉತ್ತರ ಸಿಕ್ಕಿದ್ದಕ್ಕೆ ನನಗೆ ಎಷ್ಟು ನಿರಾಳವಾಯಿತೆಂದರೆ, ಕುರ್ಚಿ ಎಳೆದುಕೊಂಡು ಮತ್ತೆ ನನ್ನ ಖಾಲಿ ಕೈಯವರನ್ನು ಸೇತುವೆಯ ಮೇಲೆ ನಿಲ್ಲಿಸತೊಡಗಿದೆ.

ಶುಕ್ರವಾರ ಬೆಳಿಗ್ಗೆ ಡಬ್ಬಿ ತೆಗೆದುಕೊಳ್ಳಲು ಹೋದಾಗ ಅಕ್ಕನ ಮನೆಯೊಳಗೆ ಏನೋ ಬದಲಾದಂತೆ ಕಂಡಿತು. ಇಸ್ತ್ರಿ ಟೇಬಲ್ ಇರಲಿಲ್ಲ. ಅದು ಅವರಪ್ಪ ಮಾಡಿದ ಟೇಬಲ್ಲು, ನಾಲ್ಕು ಜನ ಹಿಡಿದರೂ ಅಲ್ಲಾಡುತ್ತಿರಲಿಲ್ಲ.

"ಟೇಬಲ್ ಎಲ್ಲಕ್ಕಾ?"

"ಒಡೆದು ಸೌದೆಗೆ ಕೊಟ್ಬಿಟ್ಟೆ ಕಣಮ್ಮಾ. ಅದನ್ನ ಹನ್ನೆರಡನೇ ಮಹಡಿಗೆ ಯಾರು ಹೊರ್ತಾರೆ? ಅಲ್ಲಿ ಹೊಸದು ಇಟ್ಟಿದ್ದಾನಲ್ಲ, ನೋಡ್ಲಿಲ್ವಾ ನೀನು?" ನೆಲದ ಮೇಲೆ ಕಂಬಳಿ ಹಾಸಿ, ಕುಕ್ಕರುಗಾಲಲ್ಲಿ ಕೂತು ಯಾರದೋ ಅಂಗಿಯ ಕಾಲರು ಒತ್ತುತ್ತಿದ್ದಳು. ಮುಖದಲ್ಲಿ ಮದುವೆ ಮನೆಯ ಕಳೆ. "ಇನ್ನೊಂದು ಮಾತು ಹೇಳು ಅವ್ನಿಗೆ. ನನ್ನ ಪಕ್ಕದ ಕಿಟಕಿ ಅವನದು ಅಂತ ಬರ್ಕೊಳ್ಳೋಕೆ ಹೇಳು. ವಯಸ್ಸಾಯ್ತು, ಆ ತಾರಸಿ ಮೇಲೆ ಒಬ್ನೇ ಎಷ್ಟು ದಿನ ಅಂತ ಇರ್ತಾನೆ? ನಾನು ಗೋಡೆ ತಟ್ಟಿದ್ರೆ ಅವನಿಗೆ ಕೇಳ್ಬೇಕು."

ಆ ಮಾತನ್ನು ನಾನು ಹಾಗೆಯೇ ತಲುಪಿಸಿದೆ. ಟೇಬಲ್ಲಿನ ವಿಷಯವನ್ನೂ ಹೇಳಿದೆ. ಬೋರ್ಡಣ್ಣ ಪೆನ್ನನ್ನು ನಾಲಿಗೆಗೆ ಮುಟ್ಟಿಸಿಕೊಂಡು ಪಕ್ಕದ ಕಿಟಕಿ ತೆರೆದ. ಒಳಗೊಂದು ತಲೆ ಬರೆದ, ಅಳಿಸಿದ. ಬೆನ್ನು ಬರೆದ, ಅಳಿಸಿದ. ನಲವತ್ತು ಮನೆಯವರನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೂರಿಸಿದ್ದ ಕೈ ತನ್ನನ್ನು ಕೂರಿಸಲಾರದೆ ಒದ್ದಾಡಿತು. ಮಧ್ಯಾಹ್ನ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದವನು ಎದ್ದು ಕೈ ತೊಳೆಯುವ ತೊಟ್ಟಿಯ ಕಡೆ ಓಡಿದ. ವಾಂತಿಯ ಸದ್ದು ಮೂರು ಕೋಣೆಗೂ ಕೇಳಿಸಿತು. ಯಜಮಾನರು ಮಲ್ಲಿಗೆಯ ಡಬ್ಬಿಯನ್ನು ಇನ್ನೊಮ್ಮೆ ಒತ್ತಿದರು.

ಪಕ್ಕದ ಕಿಟಕಿ ಹಾಗೇ ಉಳಿಯಿತು, ಖಾಲಿಯಾಗಿ, ಕಪ್ಪಗೆ.

ಭಾನುವಾರ, ಅಚ್ಚು ಹಾಕಿದ ಚಿತ್ರ ಬೇಡವೆಂದು, ನಗುಮುಖ ಸಭಾಭವನದಲ್ಲಿ ದೊಡ್ಡ ಬಿಳಿ ಪರದೆ ಕಟ್ಟಿಸಿದ್ದ. ಬೋರ್ಡಣ್ಣ ಲ್ಯಾಪ್‌ಟಾಪ್ ಹಿಡಿದು ಕೂರಬೇಕು, ಯಾರು ತಮ್ಮ ಕಿಟಕಿ ಕೇಳಿದರೂ ಹತ್ತಿರಕ್ಕೆ ಎಳೆದು ದೊಡ್ಡದು ಮಾಡಿ ತೋರಿಸಬೇಕು, ತೋರಿಸಿದ ಕೂಡಲೇ ಅವರು ಮೇಜಿಗೆ ಬಂದು ಸಹಿ ಹಾಕಬೇಕು. ಅದರಂತೆಯೇ ನಡೆಯಿತು. ಹೊಲಿಗೆ ಯಂತ್ರದವಳು ತನ್ನ ಕಿಟಕಿ ಕಂಡು ಕಣ್ಣೊರೆಸಿಕೊಂಡಳು, ಸಹಿ. ಪಾರಿವಾಳದವನು ಶಿಳ್ಳೆ ಹಾಕಿದ, ಸಹಿ. ಕೆಮ್ಮಿನ ಮುದುಕ ಪರದೆಯ ಮೇಲಿನ ಬಿಸಿಲಿಗೆ ಕೈ ಒಡ್ಡಿ ನಿಂತ. ಯಾರೋ ನಕ್ಕರು. ನನಗೆ ಎದ್ದು ಹೋಗಿಬಿಡಬೇಕು ಎನ್ನಿಸಿತು. ಹೋಗಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಆಗ ಮುಂದಿನ ಸಾಲಿನಿಂದ ಅಕ್ಕ ಎದ್ದಳು. "ನಂದು ತೋರ್ಸೋ ಒಂದ್ಸಲ."

ಅವನು ಹನ್ನೆರಡನೇ ಮಹಡಿಯನ್ನು ಹತ್ತಿರಕ್ಕೆ ತಂದ. ಆಳೆತ್ತರದ ಚೌಕಳಿ ಪರದೆ ಗಾಳಿಗೆ ಉಬ್ಬಿ ನಿಂತಿತ್ತು. ಅಕ್ಕ ನೋಡಿದಳು, ಆಮೇಲೆ ಬಲಕ್ಕೆ ಕಣ್ಣು ಹಾಯಿಸಿದಳು.

"ಪಕ್ಕದ್ದು ಯಾಕೋ ಕತ್ತಲಾಗಿದೆ? ನೀನೆಲ್ಲಿ?"

ಬೋರ್ಡಣ್ಣನ ಗಂಟಲು ಗೊರಗೊರ ಅಂದಿತು. "ಅಕ್ಕ," ಎಂದ, "ಅಲ್ಲಿ ನಾನಿಲ್ಲ. ನೀನೂ ಇಲ್ಲ."

ಜನ ಏನೆಂದು ತಿಳಿಯುವುದರೊಳಗೆ ಅವನು ಚಿತ್ರವನ್ನು ಮತ್ತೆ ಪೂರ್ತಿ ದೂರಕ್ಕೆ ತಳ್ಳಿ, ಪದರಗಳ ಪಟ್ಟಿ ತೆರೆದು, ಒಂದು ಕಣ್ಣು ಒತ್ತಿದ. ನನ್ನ ಜನ ಹೋದರು. ಸೇತುವೆಗಳು ಬಿಕೋ ಎಂದವು. ಇನ್ನೊಂದು ಕಣ್ಣು, ಹಾರುವ ಕಾರುಗಳಿಲ್ಲ. ಮರಗಳಿಲ್ಲ. ಹಂಸಗಳು ಹೋದವು, ನೀಲಿ ನೀರು ಹೋಯಿತು. "ಏನ್ರೀ ಮಾಡ್ತಿದ್ದೀರಾ? ನಿಲ್ಸಿ!" ಎಂದು ಯಜಮಾನರು ಕುರ್ಚಿಗಳ ನಡುವೆ ತೂರಿಕೊಂಡು ಬಂದರು. ಅಷ್ಟರಲ್ಲಿ ಅವನು ಕಿಟಕಿಗಳ ಪದರ ಒತ್ತಿದ. ಹೊಲಿಗೆ ಯಂತ್ರ, ಪಾರಿವಾಳ, ಬಿಸಿಲು, ಚೌಕಳಿ ಪರದೆ, ಎಲ್ಲ ಒಟ್ಟಿಗೆ ಹೋದವು. ಕೊನೆಗೆ ಎಡಗಡೆಯ ಕಟ್ಟಡ. ಬಿಳಿಯ ಮೇಲೆ ಕಪ್ಪು ಗೆರೆಗಳು ಉಳಿದವು. ಎಡಗಡೆ ಚೌಕ ಡಬ್ಬ.

ಹೊಲಿಗೆಯವಳ ಮಗಳು ಗಟ್ಟಿಯಾಗಿ ಓದಿದಳು: "ವಾಹನ ನಿಲುಗಡೆ. ಆರು ಅಂತಸ್ತು."

"ಇಷ್ಟೇ ಇರೋದು," ಎಂದ ಬೋರ್ಡಣ್ಣ. "ಎಡಗಡೆ ಖಾಲಿ ಕಾಣ್ತಿತ್ತು ಅಂತ ಕಟ್ಟಡ ನಾನು ಬರೆದೆ. ಅಂಥ ಕಟ್ಟಡ ಯಾರೂ ಕಟ್ಟಲ್ಲ."

ಯಜಮಾನರು ತಂತಿ ಕಿತ್ತರು. ಪರದೆ ಬರೀ ಬೆಳ್ಳಗಾಯಿತು. ನಗುಮುಖ ಆಗಲೂ ನಗುತ್ತಿದ್ದ, ಅವನ ಮುಖಕ್ಕೆ ಬೇರೆ ಏನೂ ಬರುತ್ತಿರಲಿಲ್ಲವೋ ಏನೋ. "ತಾಂತ್ರಿಕ ತೊಂದ್ರೆ, ಐದು ನಿಮಿಷ," ಎನ್ನುತ್ತಿದ್ದ. ಕೇಳುವವರು ಯಾರು? ಜನ ಮೇಜಿಗೆ ಮುತ್ತಿಕೊಂಡು ತಮ್ಮ ತಮ್ಮ ಸಹಿ ಹುಡುಕುತ್ತಿದ್ದರು. ಮೊದಲು ಹೋದವಳು ಅಕ್ಕ. ನಗುಮುಖನ ಕೈಯಲ್ಲಿದ್ದ ಪೆನ್ನನ್ನೇ ಇಸ್ಕೊಂಡು ತನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು. ಆ ಗೆರೆ ಕೆಳಗಿನ ಕಾಗದವನ್ನೂ ಹರಿದಿತ್ತೆಂದು ಆಮೇಲೆ ಗೊತ್ತಾಯಿತು.

ಅಲ್ಲಿಂದ ತಮ್ಮನ ಮುಂದೆ ಬಂದು ನಿಂತಳು. ಈಗ ಅವನ ಬೆನ್ನು ತಟ್ಟುತ್ತಾಳೆಂದು ನಾನು ಅಂದುಕೊಂಡಿದ್ದೆ. ನಾನು ಎಂಥ ಮೂರ್ಖಳು.

"ಅಡಿಯಲ್ಲಿದ್ದಿದ್ದು ನಿಂಗೆ ಯಾವಾಗಿಂದ ಗೊತ್ತು?"

"ಮೊದಲ್ನೇ ದಿನದಿಂದ."

"ನಾನು ಸಹಿ ಹಾಕ್ವಾಗ ಗೊತ್ತಿತ್ತು?"

"ಹೂಂ."

"ನಾನು ಅಪ್ಪನ ಟೇಬಲ್ ಒಡೆಸ್ದೆ ಅಂತ ಇವಳು ಬಂದು ಹೇಳ್ದಾಗ?"

ಅದಕ್ಕೂ ಅವನು ಹೌದೆಂದು ತಲೆಯಾಡಿಸಿದ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನ ಪಕ್ಕದಿಂದ ಹಾದು ಹೋದಳು. ಮೋರಿಯ ಪಕ್ಕದಲ್ಲೇ ಅರವತ್ಮೂರು ವರ್ಷ ಬಾಳಿದವಳು ಮೂಗು ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೋರ್ಡಣ್ಣನನ್ನು ಅಂದೇ ಕೆಲಸದಿಂದ ತೆಗೆದರು, ತಾರಸಿಯ ಕೋಣೆಯಿಂದಲೂ. ಈಗ ಬೀದಿ ಬೀದಿ ಸುತ್ತಿ ಮನೆಗಳ ಬಾಗಿಲಿಗೆ ನಂಬರು ಬರೆಯುತ್ತಾನೆ. ಒಬ್ಬ ಬಡಗಿಯನ್ನು ಹಿಡಿದು ಹಳೆಯದರ ಅಳತೆಗೇ ಹೊಸ ಇಸ್ತ್ರಿ ಟೇಬಲ್ ಮಾಡಿಸಿ ಅಕ್ಕನ ಬಾಗಿಲಲ್ಲಿ ಇಳಿಸಿದ. ಅವಳು ಅದನ್ನು ಒಳಗೆ ಸೇರಿಸಲಿಲ್ಲ. ಅದು ಗಲ್ಲಿಯಲ್ಲೇ ನಿಂತಿದೆ, ಮಳೆ ಬಿಸಿಲಿಗೆ ಸೀಳು ಬಿಟ್ಟಿದೆ. ಅವನು ಸಂಜೆ ಬಂದು ಅದರ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಾನೆ, ಅವಳು ಒಳಗೆ ಕುಕ್ಕರುಗಾಲಲ್ಲಿ ಕೂತು ಬಟ್ಟೆ ಒತ್ತುತ್ತಾಳೆ, ಮಾತಿಲ್ಲ ಕತೆಯಿಲ್ಲ. ಮೋರಿ ಸಾಲು ಸದ್ಯಕ್ಕೆ ಇದ್ದಲ್ಲೇ ಇದೆ. ಮೋರಿಯೂ.

ನಾನು ಸ್ಟುಡಿಯೋದಲ್ಲೇ ಇದ್ದೇನೆ. ಎಡಗಡೆಗೆ ಏನು ಎಬ್ಬಿಸಬೇಕೆಂದು ಈಗ ಇನ್ಯಾರೋ ಯೋಚಿಸುತ್ತಾರೆ, ಜನರನ್ನು ನಿಲ್ಲಿಸುವವಳು ನಾನೇ.

ಆ ಶುಕ್ರವಾರದ ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು. ಆ ಭಾನುವಾರದ ಮರುದಿನ, ಸೋಮವಾರ ಬೆಳಿಗ್ಗೆ, ಅದನ್ನು ಚೆನ್ನಾಗಿ ತಿಕ್ಕಿ ತೊಳೆದು, ಎಂದಿನ ದಾರಿಯಲ್ಲಿ ಹೋಗಿ ಅಕ್ಕನ ಬಾಗಿಲು ತಟ್ಟಿದೆ. ದಾರಿಯುದ್ದಕ್ಕೂ ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಬೋರ್ಡಣ್ಣನ ಮೇಲೆ, ಯಜಮಾನರ ಮೇಲೆ, ಆ ಹಲ್ಲು ಕಿರಿಯುವವನ ಮೇಲೆ ಅವಳೊಂದಿಗೆ ಕೂತು ನಾನೂ ನಾಲ್ಕು ಮಾತು ಉಗಿಯುವುದಿತ್ತು.

ಅಕ್ಕ ಬಾಗಿಲು ತೆರೆದು ಡಬ್ಬಿ ತೆಗೆದುಕೊಂಡಳು. ಮೇಲಿನ ಅಂತಸ್ತನ್ನು, ನನ್ನದನ್ನು, ಬಿಚ್ಚಿ ಒಳಗೆ ನೋಡಿದಳು. ಮತ್ತೆ ಮುಚ್ಚಿದಳು.

"ನೀನು ಅವನ ಪಕ್ಕದ ಕುರ್ಚಿಲೇ ಕೂತ್ಕೊಳ್ಳೋದು, ಅಲ್ವೇನಮ್ಮಾ?"

"ಹೂಂ ಅಕ್ಕ," ಎಂದೆ.

ಅವಳು ಬಾಗಿಲು ಹಾಕಿಕೊಂಡಳು.